ತಂತಿ ಮೇಷ್ಟ್ರ ಕಿವಿ

ನಡೆಯುವಾಗ ಅವರು ನೆಲ ನೋಡುತ್ತಿರಲಿಲ್ಲ. ಲೋಕದ ಸಮಸ್ತ ಜನರೂ ಎಡವುವ ಭಯದಿಂದ ಕಾಲಿನ ಕಡೆಗೋ, ಎದುರಿಗೆ ಬರುವವರ ದಾಕ್ಷಿಣ್ಯದಿಂದ ಮುಖದ ಕಡೆಗೋ ದೃಷ್ಟಿಯಿಟ್ಟು ನಡೆದರೆ, ನಮ್ಮ ಆಸ್ಪತ್ರೆಯ ತಂತಿ ಮೇಷ್ಟ್ರು ಮಾತ್ರ ಕತ್ತನ್ನು ಹಿಂದಕ್ಕೆ ವಾಲಿಸಿ, ನರೆತ ಗಡ್ಡವನ್ನು ಮುಂದಕ್ಕೆ ಚಾಚಿ, ಛಾವಣಿಗೆ ಹೊದಿಸಿದ ಬಿಳಿಯ ಹಲಗೆಗಳನ್ನೇ ದಿಟ್ಟಿಸುತ್ತ ಓಡಾಡುತ್ತಿದ್ದರು. ಗಾಲಿಕುರ್ಚಿಗಳಿಗೆ, ಔಷಧದ ಗಾಡಿಗಳಿಗೆ, ಒಮ್ಮೆ ಸಾಕ್ಷಾತ್ ಶಸ್ತ್ರಚಿಕಿತ್ಸೆಯ ದೊಡ್ಡ ಡಾಕ್ಟರ ಹೊಟ್ಟೆಗೇ ಡಿಕ್ಕಿ ಹೊಡೆದು, ಕ್ಷಮೆ ಕೇಳುವಾಗಲೂ ಮೇಲೆಯೇ ನೋಡುತ್ತಿದ್ದರಂತೆ. ಹೊಸ ರೋಗಿಗಳು ಇವರು ಯಾರೋ ಮಹಾ ದೈವಭಕ್ತರಿರಬೇಕೆಂದು ದಾರಿ ಬಿಡುತ್ತಿದ್ದರು. ಹಳಬರಿಗೆ ಗೊತ್ತಿತ್ತು, ಆ ಹಲಗೆಗಳ ಮೇಲೆ, ಯಾರ ಕಣ್ಣಿಗೂ ಬೀಳದ ಕತ್ತಲಲ್ಲಿ, ಸಾವಿರದ ಇನ್ನೂರು ತಂತಿಗಳು ಮಲಗಿದ್ದವು. ಮೇಷ್ಟ್ರ ಮನಸ್ಸು ಅವುಗಳ ಜೊತೆಗೇ ನಡೆಯುತ್ತಿತ್ತು.

ಮೈಮೇಲೆ ಬೂದುಬಣ್ಣದ ಒಂದೇ ಒಂದು ಕೋಟು. ದರ್ಜಿ ಅದಕ್ಕೆ ಕೊಟ್ಟಿದ್ದು ಮೂರು ಜೇಬು. ಉಳಿದ ಆರನ್ನು ಅವರ ಹೆಂಡತಿ ಹಳೆಯ ಪ್ಯಾಂಟುಗಳನ್ನು ಕತ್ತರಿಸಿ ಹೊಲಿದು ಸೇರಿಸಿದ್ದರು, ಹೀಗಾಗಿ ಕೋಟಿನ ಮುಂಭಾಗ ಬೇರೆ ಬೇರೆ ಬಣ್ಣದ ಕಿಟಕಿಗಳಿರುವ ಮನೆಯ ಹಾಗೆ ಕಾಣುತ್ತಿತ್ತು. ಒಂದರಲ್ಲಿ ಇಕ್ಕಳ, ಒಂದರಲ್ಲಿ ಟಾರ್ಚು, ಒಂದರ ತುಂಬ ಗಾಜಿನಂತೆ ಹೊಳೆಯುವ ಪುಟ್ಟ ಪ್ಲಗ್ಗುಗಳು. ಎಡ ಎದೆಯ ಜೇಬು ಮಾತ್ರ ಪೀಪಿಗೆ ಮೀಸಲು. ಪೀಪಿ ಎಂದರೆ ಎರಡು ತುಂಡಿನ ಉಪಕರಣ: ಒಂದು ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆ, ಇನ್ನೊಂದು ಬೆರಳುದ್ದದ ಕಡ್ಡಿ. ಪೆಟ್ಟಿಗೆಯನ್ನು ತಂತಿಯ ಒಂದು ತುದಿಗೆ ಕಚ್ಚಿಸಿದರೆ ಅದು ಆ ತಂತಿಯೊಳಗೆ ಒಂದು ಸಣ್ಣ ಸ್ವರವನ್ನು ಹರಿಬಿಡುತ್ತದೆ. ಕಟ್ಟಡದ ಇನ್ನೊಂದು ಮೂಲೆಯಲ್ಲಿ ಕಡ್ಡಿ ಹಿಡಿದು ಹೋದರೆ, ನೂರು ತಂತಿಗಳ ಕಟ್ಟಿನಲ್ಲಿ ಅದೇ ತಂತಿಯ ಹತ್ತಿರ ಬಂದಾಗ ಕಡ್ಡಿ ಕೀ ಎಂದು ಕೂಗುತ್ತದೆ.

ಬೇರೆ ಕಡೆಯವರು ಪ್ರತಿ ತಂತಿಗೂ ನಂಬರು ಬರೆದ ಚೀಟಿ ಅಂಟಿಸುತ್ತಾರೆ. ನಮ್ಮ ಮೇಷ್ಟ್ರಿಗೆ ಚೀಟಿ ಎಂದರೆ ಮೈಯೆಲ್ಲ ಉರಿ. ಚಿಕ್ಕ ವಯಸ್ಸಿನಲ್ಲಿ, ಮೊದಲ ಕೆಲಸದಲ್ಲಿ, ಯಾರೋ ಪುಣ್ಯಾತ್ಮ ತಂತಿ ಬದಲಿಸಿ ಚೀಟಿ ಬದಲಿಸದೆ ಹೋಗಿದ್ದನಂತೆ. ಚೀಟಿ ನಂಬಿ ಇವರು ಕತ್ತರಿ ಹಾಕಿ, ಒಂದಿಡೀ ಕಚೇರಿಯ ಮುಂದೆ ತಲೆ ತಗ್ಗಿಸಿ ನಿಂತಿದ್ದರಂತೆ. ಅವತ್ತಿನಿಂದ ಹಠ. ಚೀಟಿ ಸುಳ್ಳು ಹೇಳುತ್ತದೆ, ಸ್ವರ ಹೇಳುವುದಿಲ್ಲ ಎಂಬುದು ಅವರ ಸಿದ್ಧಾಂತ. ಇಪ್ಪತ್ತೆರಡು ವರ್ಷ ಕಾಲ ಆ ಆರು ಮಹಡಿಯ ಆಸ್ಪತ್ರೆಯ ತಂತಿಗಳಿಗೆ ಒಂದು ಚೀಟಿಯಿಲ್ಲ, ಒಂದು ನಕ್ಷೆಯಿಲ್ಲ. ಇದ್ದದ್ದು ಮೇಷ್ಟ್ರ ನೆನಪು, ಮೇಷ್ಟ್ರ ಕಿವಿ.

ಪಾಠ ಹೇಳುವ ವೃತ್ತಿ ಅವರದಲ್ಲ, ಆದರೂ ಮೇಷ್ಟ್ರು ಎಂಬ ಹೆಸರು ಬಂದದ್ದು ಸಿಕ್ಕಸಿಕ್ಕವರಿಗೆಲ್ಲ ಪಾಠ ಹೇಳುವ ಚಟದಿಂದ. ಅದಕ್ಕಿಂತ ದೊಡ್ಡ ಚಟ ಒಂದಿತ್ತು. ಏನು ಹೇಳಿದರೂ ಕೊನೆಗೆ "ತಲುಪ್ತಾ?" ಎಂದು ಕೇಳುವರು. ನಾವು "ತಲುಪ್ತು" ಎನ್ನುವ ತನಕ ಮುಂದಿನ ಮಾತು ಇಲ್ಲ, ಜಾಗ ಬಿಟ್ಟು ಕದಲುವುದೂ ಇಲ್ಲ. "ಕ್ಯಾಂಟೀನಲ್ಲಿ ಕಾಫಿ ಚೆನ್ನಾಗಿಲ್ಲ ಇವತ್ತು, ತಲುಪ್ತಾ?" ಅವಸರದಲ್ಲಿದ್ದ ನರ್ಸುಗಳು ಮೇಷ್ಟ್ರನ್ನು ದೂರದಿಂದ ಕಂಡರೆ ಮೊದಲೇ "ತಲುಪ್ತು, ತಲುಪ್ತು" ಎಂದು ಕೂಗಿ ಬೇರೆ ಮೆಟ್ಟಿಲು ಹಿಡಿಯುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ನಾನು ಅಲ್ಲಿ ಮೂರನೇ ಮಹಡಿಯ ದಾಖಲೆ ಕೊಠಡಿಯಲ್ಲಿದ್ದೆ. ರೋಗಿಗಳ ಕಡತಗಳ ನಡುವೆ ಬಿಡುವು ಸಿಕ್ಕಾಗ ಪ್ರಬಂಧ ಬರೆಯುವ ದುರಭ್ಯಾಸ ನನ್ನದು. ನಾನು ಒಳ್ಳೆಯ ಕೇಳುಗನೆಂದು ಯಾವ ಗಳಿಗೆಯಲ್ಲಿ ಅವರಿಗೆ ಅನ್ನಿಸಿತೋ ಕಾಣೆ, ಪಾಠಗಳ ಸುರಿಮಳೆ ಆರಂಭವಾಯಿತು. ಒಂದು ದಿನ ತಂತಿಯೊಂದರ ಸಿಪ್ಪೆ ಸುಲಿದು ಮೇಜಿನ ಮೇಲಿಟ್ಟರು. ಒಳಗೆ ಎಂಟು ಎಳೆ, ಎರಡೆರಡಾಗಿ ಒಂದನ್ನೊಂದು ಹೊಸೆದುಕೊಂಡ ನಾಲ್ಕು ಜೋಡಿ. ಇದರೊಳಗೆ ಅಕ್ಷರವೂ ಹೋಗುವುದಿಲ್ಲ, ಚಿತ್ರವೂ ಹೋಗುವುದಿಲ್ಲ. ಬರೀ ವಿದ್ಯುತ್ತಿನ ಏರಿಳಿತ, ಒಂದು ಕ್ಷಣದಲ್ಲಿ ಕೋಟಿ ಸಲ, ಅದನ್ನೇ ಆ ಕಡೆಯ ಯಂತ್ರ ಎಣಿಸಿ ಓದಿಕೊಳ್ಳುತ್ತದೆ ಎಂದರು. ಹೊಸೆದದ್ದು ಏಕೆಂದು ಕೇಳಿದೆ.

"ಗಂಡ ಹೆಂಡ್ತಿ ಇದ್ದ ಹಾಗೆ ಸ್ವಾಮಿ. ಹೊರಗಡೆ ಗಲಾಟೆ ಇಬ್ಬರ ಕಿವಿಗೂ ಒಂದೇ ಸಮ ಬೀಳುತ್ತೆ. ಇಬ್ಬರಿಗೂ ಬಿದ್ದಿದ್ದು ಗಲಾಟೆ ಅಂತ ಬಿಟ್ಟಾಕೋದು, ಇಬ್ಬರಲ್ಲಿ ಬೇರೆಬೇರೆ ಇರೋದೇ ನಿಜವಾದ ಮಾತು ಅಂತ ತಗೊಳೋದು. ತಲುಪ್ತಾ?"

ತಲುಪಿತು. ನನ್ನ ಸಂಸಾರದ ವಿಷಯದಲ್ಲಿಯೂ ಸ್ವಲ್ಪ ತಲುಪಿತು ಎಂದು ಹೇಳಬಹುದು.

ಇನ್ನೊಂದು ಪಾಠವನ್ನಂತೂ ನಾನು ಸಾಯುವ ತನಕ ಮರೆಯಲಾರೆ. ನಾನು ಬರೆದಿಟ್ಟಿದ್ದ ಪ್ರಬಂಧದ ಒಂದು ಹಾಳೆಯನ್ನು ಹೇಳದೆ ಕೇಳದೆ ಆರು ತುಂಡು ಮಾಡಿಬಿಟ್ಟರು! ಪ್ರತಿ ತುಂಡಿನ ಹಿಂದೆಯೂ ಯಾರಿಂದ, ಯಾರಿಗೆ, ಆರರಲ್ಲಿ ಎಷ್ಟನೆಯದು ಎಂದು ಬರೆದು, ಆರು ಜನ ಆಯಾಗಳ ಕೈಗೆ ಕೊಟ್ಟು, ಆರು ದಾರಿಯಲ್ಲಿ ಕೆಳಗಿನ ಟೆಲಿಫೋನ್ ಅಕ್ಕನ ಕೊಠಡಿಗೆ ಅಟ್ಟಿದರು. ಟೆಲಿಫೋನ್ ಅಕ್ಕ ಎಂದರೆ ಆಸ್ಪತ್ರೆಗೆ ಬರುವ ಕರೆಗಳನ್ನೆಲ್ಲ ವಾರ್ಡುಗಳಿಗೆ ಜೋಡಿಸುತ್ತಿದ್ದ ಹೆಂಗಸು. ಮೊದಲ "ಹಲೋ"ದಲ್ಲಿಯೇ ಕರೆದವರ ವಯಸ್ಸು, ಊಟ ಆಗಿದೆಯೋ ಇಲ್ಲವೋ ಎಲ್ಲ ಹೇಳುವಂಥ ಕಿವಿ ಆಕೆಯದು. ಹತ್ತು ನಿಮಿಷಕ್ಕೆ ಫೋನ್ ಬಂತು. ಮೂರನೆಯದು ಮೊದಲು ಬಂದಿದೆ, ಒಂದನೆಯದು ಕೊನೆಗೆ ಬಂದಿದೆ, ಜೋಡಿಸಿದ್ದೇನೆ, ಆದರೆ ಐದನೆಯದು ಇಲ್ಲ ಎಂದರು ಅಕ್ಕ. ಐದನೆಯದನ್ನು ಹೊತ್ತ ಆಯಾ ಕ್ಯಾಂಟೀನಿನ ಬಾಗಿಲಲ್ಲಿ ಹರಟೆಗೆ ನಿಂತಿದ್ದಳು. ಮೇಷ್ಟ್ರು ಅದನ್ನು ನನ್ನಿಂದ ಇನ್ನೊಮ್ಮೆ ಬರೆಸಿ ಇನ್ನೊಬ್ಬಳ ಕೈಯಲ್ಲಿ ಕಳಿಸಿದರು. ಪ್ರಪಂಚದ ಕಂಪ್ಯೂಟರುಗಳೆಲ್ಲ ಮಾತನಾಡಿಕೊಳ್ಳುವುದು ಇಷ್ಟೇ ರೀತಿಯಲ್ಲಿ ಎಂದು ಹೇಳಿ, ಕೋಟನ್ನು ಕೊಡವಿಕೊಂಡು ಎದ್ದರು.

"ಕಳಿಸಿದ ಮಾತ್ರಕ್ಕೆ ಕಳಿಸಿದವನ ಕೆಲಸ ಮುಗಿಯಲ್ಲ ಸ್ವಾಮಿ. ಉತ್ತರ ಬರಲಿಲ್ವಾ, ಮುನಿಸ್ಕೋಬಾರದು, ಮತ್ತೆ ಕಳಿಸ್ಬೇಕು. ತಲುಪ್ತಾ?"

ಇಂಥ ಮನುಷ್ಯನಿಗೂ ಕಂಟಕ ಬಂತು. ಹೊಸದಾಗಿ ಬಂದ ಆಡಳಿತಾಧಿಕಾರಿ ಕೆಟ್ಟವರಲ್ಲ, ಆದರೆ ಕಾಗದದಲ್ಲಿ ಇಲ್ಲದ್ದು ಲೋಕದಲ್ಲಿಯೇ ಇಲ್ಲ ಎನ್ನುವ ಜಾತಿ. ನಕ್ಷೆ ಎಲ್ಲಿ ಎಂದು ಕೇಳಿದರೆ ಮೇಷ್ಟ್ರು ತಮ್ಮ ಹಣೆಯನ್ನು ತಟ್ಟಿ ತೋರಿಸಿದರಂತೆ. ಹೊರಗಿನ ಒಂದು ಕಂಪನಿಗೆ ಎಲ್ಲವನ್ನೂ ಒಪ್ಪಿಸಿ, ಹಳೆಯ ತಂತಿಗಳನ್ನು ಕಿತ್ತು ಹೊಸದು ಎಳೆಸುವ ಆಲೋಚನೆ ಅವರದು. ಮೇಷ್ಟ್ರನ್ನು ಹಾಸಿಗೆ, ಬಕೆಟ್ಟುಗಳ ಉಗ್ರಾಣಕ್ಕೆ ಹಾಕುವುದು. ನಿವೃತ್ತಿಗೆ ಇನ್ನೂ ನಾಲ್ಕು ವರ್ಷ. ಎಲ್ಲಿ ಏನೇ ಕೆಟ್ಟರೂ ಪೀಪಿ ಹಿಡಿದು ಅರ್ಧ ಗಂಟೆಯಲ್ಲಿ ಹುಡುಕಿ ಕೊಡುತ್ತಿದ್ದರು ಎಂಬ ಒಂದೇ ಕಾರಣಕ್ಕೆ ಆ ಆಲೋಚನೆ ತಡೆದು ನಿಂತಿತ್ತು. ಅಂದರೆ ಆ ಕಿವಿ ಇರುವ ತನಕ ಆ ಕಟ್ಟಡದಲ್ಲಿ ಅವರಿಗೆ ಜಾಗ.

ಅದೇ ಕಿವಿ ಕೈಕೊಡತೊಡಗಿತ್ತು. ಅವರ ಮನೆಯಾಕೆ ಒಮ್ಮೆ ಆಸ್ಪತ್ರೆಗೆ ಬಂದವರು ನನ್ನ ಕೊಠಡಿಯಲ್ಲಿ ಕೂತು ನಗುತ್ತಲೇ ದೂರು ಹೇಳಿದ್ದರು: ಕುಕ್ಕರ್ ಏಳು ಸಲ ಕೂಗಿದರೂ ಪಕ್ಕದಲ್ಲೇ ಪೇಪರ್ ಓದುತ್ತ ಕೂತಿರುತ್ತಾರೆ, ಮೊಮ್ಮಗಳು ಫೋನಿನಲ್ಲಿ ಏನು ಹೇಳಿದರೂ ಹೂಂ ಹೂಂ ಅನ್ನುತ್ತಾರೆ, ಇವರ ತಲುಪ್ತಾ ಎಲ್ಲ ಊರಿಗೆ ಮಾತ್ರ ಎಂದು. ನಾನೂ ನಕ್ಕೆ. ಗಂಡಸರ ದಪ್ಪ ದನಿಯೆಲ್ಲ ಅವರಿಗೆ ಚೆನ್ನಾಗಿಯೇ ಕೇಳಿಸುತ್ತಿದ್ದುದರಿಂದ ನನ್ನ ಮಂದಬುದ್ಧಿಗೆ ಏನೂ ಹೊಳೆಯಲಿಲ್ಲ.

ಈಗ ನನ್ನ ಪಾಪದ ಕಥೆಗೆ ಬರುತ್ತೇನೆ. ಓರಣ ಎನ್ನುವುದು ನನಗೆ ರೋಗವೇ ಇದೆ. ಒಂದು ಬೆಳಗ್ಗೆ ಕಪಾಟು ಸರಿಸಿದಾಗ ಗೋಡೆಯ ಬುಡದಲ್ಲಿ ಒಂದು ತುಂಡು ತಂತಿ ಕಂಡಿತು. ಒಂದು ತುದಿ ಗೋಡೆಯ ಸಾಕೆಟ್ಟಿನಲ್ಲಿ, ಇನ್ನೊಂದು ತುದಿ ಅನಾಥವಾಗಿ ನೆಲದ ಮೇಲೆ. ಪಕ್ಕದಲ್ಲೇ ಇನ್ನೊಂದು ಸಾಕೆಟ್ಟು ಖಾಲಿ ಬಾಯಿ ಬಿಟ್ಟುಕೊಂಡಿತ್ತು. ಅಯ್ಯೋ ಪಾಪ, ಕಳಚಿಕೊಂಡಿದೆ ಎಂದುಕೊಂಡು, ಆ ತುದಿಯನ್ನು ಆ ಬಾಯಿಗೆ ಚುಚ್ಚಿ, ಕೈ ಒರೆಸಿಕೊಂಡು, ಉಪಕಾರ ಮಾಡಿದವನ ತೃಪ್ತಿಯಿಂದ ಕುರ್ಚಿಯಲ್ಲಿ ಕೂತೆ.

ಐದು ನಿಮಿಷ ಕಳೆದಿರಲಿಲ್ಲ, ಇಡೀ ಆಸ್ಪತ್ರೆ ಮೂಕವಾಯಿತು. ವರದಿಗಳು ವಾರ್ಡಿಗೆ ಹೋಗುತ್ತಿಲ್ಲ, ಔಷಧದ ಚೀಟಿ ಔಷಧದ ಅಂಗಡಿಗೆ ಇಳಿಯುತ್ತಿಲ್ಲ, ಎಲ್ಲರ ಪರದೆಯ ಮೇಲೂ ಒಂದು ಚಕ್ರ ಸುಮ್ಮನೆ ಸುತ್ತುತ್ತಿದೆ. ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆಗಳ ಮುಂದೆ ಮೇಷ್ಟ್ರು ನಿಂತಿದ್ದರು. ಯಾವಾಗಲೂ ತಮ್ಮಷ್ಟಕ್ಕೆ ಒಂದೊಂದಾಗಿ ಮಿಣುಕುವ ದೀಪಗಳು ಅವತ್ತು ಹುಚ್ಚು ಹಿಡಿದಂತೆ ಎಲ್ಲವೂ ಒಟ್ಟಿಗೆ ಮಿಣುಕುತ್ತಿದ್ದವು. ಎಲ್ಲೋ ಬಾಲ ಬಾಯಿಗೆ ಸಿಕ್ಕಿದೆ ಎಂದರು. ವಿಳಾಸ ತಿಳಿಯದ ಮಾತು ಬಂದರೆ ಪೆಟ್ಟಿಗೆ ಅದನ್ನು ಎಲ್ಲ ತಂತಿಗಳಿಗೂ ಕೂಗಿ ಹೇಳುತ್ತದಂತೆ. ಒಂದು ತಂತಿ ಸುತ್ತಿಕೊಂಡು ಮತ್ತೆ ಅದೇ ಪೆಟ್ಟಿಗೆಗೆ ಬಂದರೆ, ತನ್ನ ಕೂಗೇ ತನಗೆ ಹೊಸದಾಗಿ ಕೇಳಿಸಿ ಮತ್ತೆ ಕೂಗುತ್ತದೆ, ಮತ್ತೆ ಕೇಳಿಸುತ್ತದೆ, ಕೊನೆಗೆ ಆ ಗದ್ದಲದಲ್ಲಿ ಬೇರೆ ಯಾರ ಮಾತಿಗೂ ಎಡೆಯಿರುವುದಿಲ್ಲ. ಇದನ್ನು ಕೇಳುತ್ತಿದ್ದ ನನಗೆ ಕಪಾಟಿನ ಹಿಂದಿನ ಆ ತುದಿ ನೆನಪಾಯಿತು.

ಒಂದೊಂದೇ ಮಹಡಿಯ ತಂತಿ ಎಳೆದು ನೋಡಿ, ಮೂರನೇ ಮಹಡಿಯೇ ಕಳ್ಳ ಎಂದು ಮೇಷ್ಟ್ರು ಗುರುತಿಸಿದರು. ಉಳಿದ ಮಹಡಿಗಳು ಉಸಿರಾಡಿದವು. ನಮ್ಮ ಮಹಡಿಯ ಪೆಟ್ಟಿಗೆಯಲ್ಲಿ ಯಾವ ತಂತಿ ಎಳೆದರೆ ದೀಪಗಳು ಸುಮ್ಮನಾಗುತ್ತವೆ ಎಂದು ನೋಡಿ ಆ ತಂತಿಯನ್ನೂ ಹಿಡಿದರು. ಇನ್ನು ಅದು ಯಾವ ಕೊಠಡಿಗೆ ಹೋಗುತ್ತದೆ ಎಂದು ತಿಳಿದರೆ ಸಾಕು. ಪೀಪಿಯ ಪೆಟ್ಟಿಗೆಯನ್ನು ಅದಕ್ಕೆ ಕಚ್ಚಿಸಿ, ಕಡ್ಡಿ ಹಿಡಿದು, ಗೋಡೆಯಿಂದ ಗೋಡೆಗೆ ಸವರುತ್ತ ನನ್ನ ಕೊಠಡಿಗೆ ಬಂದರು. ಕಪಾಟಿನ ಪಕ್ಕಕ್ಕೆ ಬಂದದ್ದೇ ತಡ, ಕಡ್ಡಿ ಕೀ ಎಂದು ಚೀರಿತು. ಬಾಗಿಲಾಚೆ ಕೂತ ರೋಗಿಯೊಬ್ಬ ತಿರುಗಿ ನೋಡಿದ. ನೆಲ ಬಾಯಿ ಬಿಡಬಾರದೇ ಎಂದು ನಾನು ನಿಂತಿದ್ದೆ.

ಮೇಷ್ಟ್ರು ನಿಲ್ಲಲಿಲ್ಲ. ಕತ್ತು ವಾಲಿಸಿ, ಕಣ್ಣು ಅರೆಮುಚ್ಚಿ, ಎಂದಿನ ಏಕಾಗ್ರತೆಯಿಂದ ಆ ಕೂಗುವ ಕಡ್ಡಿಯನ್ನು ಸವರಿಕೊಂಡು ಮುಂದಕ್ಕೆ ಹೋದರು. ಒಂದೇ ಕ್ಷಣದಲ್ಲಿ ನನಗೆ ಎರಡು ಗುಟ್ಟು ತಿಳಿದವು: ತಪ್ಪು ಮಾಡಿದವನು ನಾನು, ಮೇಷ್ಟ್ರಿಗೆ ಆ ಸ್ವರ ಕೇಳಿಸುವುದಿಲ್ಲ. ಎರಡನ್ನೂ ಹೇಳಬೇಕಾದ ನಾಲಿಗೆಗೆ ಬೀಗ ಬಿದ್ದಿತ್ತು.

ಮುಂದಿನದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಎಲ್ಲ ಕೊಠಡಿ ಸುತ್ತಿದರೂ ಏನೂ ಕೇಳಿಸದೆ, ಕೇಳಿಸಲಿಲ್ಲ ಎಂದು ಬಾಯಿಬಿಟ್ಟು ಹೇಳಲು ಮನಸ್ಸು ಬಾರದೆ, ಮೇಷ್ಟ್ರು ನೆನಪಿನ ಮೇಲೆ ಭಾರ ಹಾಕಿ ಪಕ್ಕದ ರಕ್ತಪರೀಕ್ಷೆಯ ಕೊಠಡಿಯ ತಂತಿಗೆ ಕತ್ತರಿ ಹಾಕಿದರು. ಕಳ್ಳ ಸಿಕ್ಕಿದ ಎಂದು, ಪೆಟ್ಟಿಗೆಗಳಿಂದ ಮೊದಲು ಎಳೆದಿದ್ದ ತಂತಿಗಳನ್ನು ಮರಳಿ ಚುಚ್ಚಿದರು. ಆಸ್ಪತ್ರೆ ಎರಡನೆಯ ಸಲ ಮೂಕವಾಯಿತು. ಮಕ್ಕಳ ವಾರ್ಡಿನಲ್ಲಿ ಜ್ವರದ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡ ತಾಯಿಯೊಬ್ಬಳು ರಕ್ತದ ವರದಿಗಾಗಿ ಮೂರು ಗಂಟೆ ಕಾದಳು. ಕೊನೆಗೆ ಆಯಾ ಒಬ್ಬಳು ಕಾಗದ ಹಿಡಿದು ಓಡಿ ತಲುಪಿಸಿದಳು. ಮಗುವಿಗೇನೂ ಆಗಲಿಲ್ಲ. ನಾನು ಯಾರಿಗೂ ಕಾಣದಂತೆ ಕಪಾಟಿನ ಹಿಂದೆ ಕೈಹಾಕಿ ಆ ದರಿದ್ರ ತುದಿಯನ್ನು ಕಿತ್ತೆ. ಎಲ್ಲವೂ ತಂತಾನೇ ಸರಿಹೋಯಿತು ಎಂದು ಜನ ಅಂದುಕೊಂಡರು. ಮೂರು ತಿಂಗಳಲ್ಲಿ ಹೊರಗಿನ ಕಂಪನಿ ಬರುತ್ತದೆ, ಅಲ್ಲಿಯ ತನಕ ಕತ್ತರಿ ಮುಟ್ಟಬೇಡಿ ಎಂದು ಆಡಳಿತಾಧಿಕಾರಿ ಮೇಷ್ಟ್ರಿಗೆ ಎಲ್ಲರ ಎದುರು ಹೇಳಿದರು.

ಅವತ್ತು ಮೇಷ್ಟ್ರು ಮೊದಲ ಸಲ ನೆಲ ನೋಡುತ್ತ ಕಾರಿಡಾರಿನಲ್ಲಿ ನಡೆದರು. ಯಾರಿಗೂ ಡಿಕ್ಕಿ ಹೊಡೆಯಲಿಲ್ಲ. ನನಗೆ ಅದನ್ನು ನೋಡಲಾಗಲಿಲ್ಲ.

ಮರುದಿನ ಪೆಟ್ಟಿಗೆಗಳ ಕೊಠಡಿಗೆ ಹೋದೆ. ಫ್ಯಾನುಗಳ ಗುಂಯ್ ಸದ್ದಿನ ನಡುವೆ ಸ್ಟೂಲಿನ ಮೇಲೆ ಕೂತು ಜೇಬುಗಳನ್ನು ಒಂದೊಂದಾಗಿ ಖಾಲಿ ಮಾಡುತ್ತಿದ್ದರು. ನಿಂತಲ್ಲೇ ಹೇಳಿದೆ.

"ಮೇಷ್ಟ್ರೇ, ಆ ತಂತಿ ಚುಚ್ಚಿದ್ದು ನಾನು. ನನ್ನ ಗೋಡೆ ಹತ್ರ ಕಡ್ಡಿ ಕೂಗ್ತು. ನಿಮಗೆ ಕೇಳಿಸಲಿಲ್ಲ, ನಾನು ಹೇಳಲಿಲ್ಲ."

ಅವರು ಉತ್ತರ ಕೊಡಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಯಾರ ಮಾತನ್ನೂ ಉತ್ತರವಿಲ್ಲದೆ ಬಿಡದ ಮನುಷ್ಯ ಪೀಪಿಯನ್ನು ಜೇಬಿಗೆ ಹಾಕಿಕೊಂಡು, ನನ್ನನ್ನು ಬಳಸಿಕೊಂಡು, ಹೊರಗೆ ಹೋಗಿಬಿಟ್ಟರು. ಒಂದು ವಾರ ನನ್ನ ಕೊಠಡಿಯ ಕಡೆ ಸುಳಿಯಲಿಲ್ಲ. ಊಟ ರುಚಿಸಲಿಲ್ಲ ನನಗೆ. ಸಿಟ್ಟಾಗಿದ್ದಾರೆ, ಆಗಲಿ, ನಾನು ಹೇಳಿಯಂತೂ ಆಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುವಾಗ ಆ ಆರು ತುಂಡಿನ ಹಾಳೆ ನೆನಪಾಯಿತು. ಕಳಿಸಿದ ಮಾತ್ರಕ್ಕೆ ಕಳಿಸಿದವನ ಕೆಲಸ ಮುಗಿಯುವುದಿಲ್ಲ.

ಎಂಟನೆಯ ದಿನ ಮತ್ತೆ ಹೋಗಿ, ಅದೇ ಸ್ಟೂಲಿನ ಎದುರು ನಿಂತು, ಅದೇ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ. ಹೇಳಿ ಮುಗಿಸಿ, "ತಲುಪ್ತಾ ಮೇಷ್ಟ್ರೇ?" ಎಂದೆ.

ಅವರು ತಲೆ ಎತ್ತಿ ನನ್ನ ಮುಖ ನೋಡಿದರು. ಛಾವಣಿಯನ್ನಲ್ಲ, ನನ್ನ ಮುಖವನ್ನು.

"ತಲುಪ್ತು ಸ್ವಾಮಿ. ಮೊದಲನೇ ಸಲಾನೇ ತಲುಪಿತ್ತು. ಉತ್ತರ ಕೊಡೋಕೆ ನನಗೇ ಧೈರ್ಯ ಬರಲಿಲ್ಲ."

ಆಮೇಲೆ ಎಲ್ಲವನ್ನೂ ಹೇಳಿದರು. ಒಂದೂವರೆ ವರ್ಷದಿಂದ ಪೀಪಿಯ ದನಿ ದಿನದಿನಕ್ಕೆ ಸಣ್ಣಗಾಗುತ್ತ ಬಂದಿತ್ತು. ಮೊದಮೊದಲು ಬ್ಯಾಟರಿ ಬದಲಿಸಿದರು. ಆಮೇಲೆ ಪೀಪಿಯನ್ನೇ ಬದಲಿಸಿದರು. ಮೂರನೆಯ ಪೀಪಿ ಕೊಂಡ ದಿನ ಕೆಟ್ಟಿರುವುದು ಯಾವುದೆಂದು ತಿಳಿಯಿತು. ಕಿವಿ ಹೋಯಿತೆಂದು ಗೊತ್ತಾದರೆ ಎಲ್ಲವೂ ಹೋಯಿತೆಂದು ನೆನಪಿನ ಬಲದಿಂದ ಕಾಲ ನೂಕುತ್ತಿದ್ದರು. ಆಸ್ಪತ್ರೆಯೊಳಗೇ ಕಿವಿಯ ಡಾಕ್ಟರಿದ್ದರು, ಒಂದೇ ಮಹಡಿ ಮೇಲೆ. ಅವರ ಕಂಪ್ಯೂಟರಿನ ತಂತಿಯನ್ನು ಮೇಷ್ಟ್ರೇ ಎಳೆದದ್ದು, ಆದರೆ ಆ ಕುರ್ಚಿಯಲ್ಲಿ ಒಂದು ದಿನವೂ ಕೂತವರಲ್ಲ. ಕೈ ಹಿಡಿದು ಕರೆದುಕೊಂಡು ಹೋಗಿ ಕೂರಿಸಿದವನು ನಾನು.

ನಾವಿಬ್ಬರೂ ಆಡಳಿತಾಧಿಕಾರಿಯ ಮುಂದೆಯೂ ನಿಂತೆವು. ನನ್ನ ತಪ್ಪನ್ನು ನಾನು ಹೇಳಿದೆ, ತಮ್ಮ ಕಿವಿಯ ವಿಷಯವನ್ನು ಮೇಷ್ಟ್ರು ಹೇಳಿದರು. ಆ ಮನುಷ್ಯ, ಮೂರು ತಿಂಗಳೊಳಗೆ ಇಡೀ ಕಟ್ಟಡದ ನಕ್ಷೆ ಕಾಗದದ ಮೇಲೆ ಬಂದರೆ ಕಂಪನಿಯ ಮಾತು ಬಿಡುತ್ತೇನೆ, ಬರದಿದ್ದರೆ ಉಗ್ರಾಣ ಎಂದರು. ಕತ್ತರಿ ಮೇಷ್ಟ್ರ ಜೇಬಿಗೆ ಮರಳಿತು.

ಸಾವಿರದ ಇನ್ನೂರು ತಂತಿ. ಮೇಷ್ಟ್ರ ಕಿವಿಗೆ ಯಂತ್ರ ಮಾಡಿಸಿಕೊಡಲು ಇನ್ನೂ ಎರಡು ತಿಂಗಳು ಬೇಕೆಂದರು ಕಿವಿಯ ಡಾಕ್ಟರು. ಆಗ ಟೆಲಿಫೋನ್ ಅಕ್ಕ ತಾವಾಗಿಯೇ ಬಂದರು. ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಕರೆಗಳು ಕಡಿಮೆ, ನನ್ನ ಕಿವಿ ಆಗ ಖಾಲಿ ಇರುತ್ತದೆ, ಬೇಕಾದರೆ ಬಳಸಿಕೊಳ್ಳಿ ಎಂದರು. ಅವತ್ತಿನಿಂದ ಆ ಕಾರಿಡಾರುಗಳಲ್ಲಿ ಒಂದು ಮೆರವಣಿಗೆ: ಮುಂದೆ ಛಾವಣಿ ನೋಡುತ್ತ ಮೇಷ್ಟ್ರು, ನಡುವೆ ಕಡ್ಡಿ ಹಿಡಿದ ಅಕ್ಕ, ಹಿಂದೆ ಚೀಟಿ, ಗೋಂದು, ದಪ್ಪ ರಿಜಿಸ್ಟರು ಹೊತ್ತ ನಾನು. ಅಕ್ಕ "ಇದೇ" ಎನ್ನುವರು, ಮೇಷ್ಟ್ರು ನಂಬರು ಹೇಳುವರು, ನಾನು ಚೀಟಿ ಬರೆದು ಅವರ ಕೈಗೆ ಕೊಡುವೆ. ನನ್ನ ಓರಣದ ರೋಗಕ್ಕೆ ಕೊನೆಗೂ ಒಂದು ಸದುಪಯೋಗ ಸಿಕ್ಕಿತು. ಇಪ್ಪತ್ತೆರಡು ವರ್ಷ ಬೈದ ಚೀಟಿಯನ್ನು ತಾವೇ ಒತ್ತಿ ಅಂಟಿಸುವಾಗ ಮೇಷ್ಟ್ರ ಮುಖ ಬೇವು ಅಗಿದವರ ಹಾಗಿರುತ್ತಿತ್ತು. ಒಂದು ಷರತ್ತು ಹಾಕಿದ್ದರು, ಅಷ್ಟೇ: ತಂತಿ ಬದಲಿಸಿದವರು ಆ ಗಳಿಗೆಯಲ್ಲೇ ಚೀಟಿಯನ್ನೂ ಬದಲಿಸಿ, ಕೆಳಗೆ ತಮ್ಮ ಸಹಿ ಹಾಕಬೇಕು.

ಎಂಬತ್ತಾರನೆಯ ದಿನ ಉಳಿದದ್ದು ಒಂದೇ ತಂತಿ, ನನ್ನ ಕಪಾಟಿನ ಹಿಂದಿನದು. ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದರು. ಅಷ್ಟರಲ್ಲಿ ಕಿವಿಯ ಯಂತ್ರ ಬಂದು ಹತ್ತು ದಿನವಾಗಿತ್ತು. ಅಕ್ಕ ಕಡ್ಡಿಯನ್ನು ಮೇಷ್ಟ್ರ ಕೈಗೆ ಕೊಟ್ಟು ಬಾಗಿಲ ಬಳಿ ನಿಂತರು. ಮೇಷ್ಟ್ರು ಗೋಡೆಯನ್ನು ಸವರುತ್ತ ಬಂದು, ಕಪಾಟಿನ ಪಕ್ಕ ತಟ್ಟನೆ ನಿಂತರು. ಕಡ್ಡಿ ಚೀರುತ್ತಿತ್ತು. ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದೆ, ನೋಡದವನ ಹಾಗೆ ರಿಜಿಸ್ಟರಿಗೆ ತಲೆ ಬಗ್ಗಿಸಿದೆ.

"ಥೂ, ಇಷ್ಟು ಕೆಟ್ಟದಾಗಿ ಕೂಗುತ್ತಾ ಇದು? ಇಷ್ಟು ವರ್ಷ ಹೇಗೆ ಸಹಿಸ್ಕೊಂಡ್ರೀ ನೀವೆಲ್ಲ!"

ಅಕ್ಕ ನಕ್ಕರು. ಆ ಚೀಟಿಯನ್ನು ಮೇಷ್ಟ್ರೇ ಬರೆದರು. ನಂಬರಿನ ಕೆಳಗೆ, ಸಹಿ ಇರಬೇಕಾದ ಜಾಗದಲ್ಲಿ, "ತಲುಪಿದೆ" ಎಂದು ಬರೆದು ಅಂಟಿಸಿದರು. ನಕ್ಷೆ ನಾಲ್ಕು ದಿನ ಮೊದಲೇ ಆಡಳಿತಾಧಿಕಾರಿಯ ಮೇಜು ಸೇರಿತು. ಮೇಷ್ಟ್ರು ಉಗ್ರಾಣಕ್ಕೆ ಹೋಗಲಿಲ್ಲ. ಉಳಿದ ನಾಲ್ಕು ವರ್ಷ ಮೊದಲಿನ ಹಾಗೆಯೇ ಔಷಧದ ಗಾಡಿಗಳಿಗೆ ಡಿಕ್ಕಿ ಹೊಡೆದುಕೊಂಡು ಓಡಾಡಿದರು, ಮೊಮ್ಮಗಳ ಜೊತೆ ಫೋನಿನಲ್ಲಿ ಬರೀ ಹೂಂ ಎನ್ನದೆ ಜಗಳವನ್ನೂ ಆಡಿದರು.

ಇಂಥವರು ಯಾವ ಚರಿತ್ರೆಯಲ್ಲೂ ಬರುವುದಿಲ್ಲ. ಮಾತನಾಡುವವರಿಗೆ ಲೋಕದಲ್ಲಿ ಬರವಿಲ್ಲ, ನಾನೂ ಅವರಲ್ಲೊಬ್ಬ. ಆಡಿದ್ದೇ ಸಾಕು, ಬರೆದದ್ದೇ ಸಾಕು ಎಂದು ಎದ್ದು ಹೋಗುವವರು ನಾವು. ಒಬ್ಬರಿಂದ ಇನ್ನೊಬ್ಬರಿಗೆ ಹೋಗಬೇಕಾದದ್ದು ನಡುವೆ ಎಲ್ಲಿಯೂ ಬಿದ್ದುಹೋಗಬಾರದೆಂದು ಛಾವಣಿಯ ಕತ್ತಲನ್ನು ಕಾಯುವವರು ಬೇರೆಯೇ ಕುಲ. ಅವರಿಗೂ ಕಿವಿ ಮಂದವಾಗುತ್ತದೆ, ಧೈರ್ಯ ಸಾಲದೆ ಹೋಗುತ್ತದೆ, ಉತ್ತರ ಕೊಡಲು ಒಂದು ವಾರ ತಡವಾಗುತ್ತದೆ. ಆಗ ನಾವು ಮಾಡಬೇಕಾದದ್ದು ಅವರೇ ಕಲಿಸಿದಷ್ಟು: ಮುನಿಸಿಕೊಳ್ಳದೆ ಇನ್ನೊಮ್ಮೆ ಹೋಗಿ, ಅದೇ ಮಾತನ್ನು ಹೇಳಿ, ಅವರು ತಲೆ ಎತ್ತಿ ಉತ್ತರ ಕೊಡುವ ತನಕ ಅಲ್ಲೇ ನಿಲ್ಲುವುದು.